ನೆರೆಯವರಿಂದ ಕಲಿಯುವ ದಾರಿಗಳು: ಉಸ್ತುವಾರಿ ಮತ್ತು ಮೌಲ್ಯಮಾಪನಕ್ಕಾಗಿ ಆಫ್ರಿಕಾದ ಸರ್ಕಾರಗಳು ಯಾವ ಬಗೆಯ ಸಹಕಾರವನ್ನು ಆರಿಸಿಕೊಳ್ಳಬೇಕು?

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ನಡೆಯುವ ಕೆಡಿಪಿ ಸಭೆಯನ್ನು ಒಮ್ಮೆಯಾದರೂ ಕಂಡವರಿಗೆ ಸರ್ಕಾರಿ ಉಸ್ತುವಾರಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಚಿವರ ಮುಂದೆ ಇಲಾಖೆಯ ಅಧಿಕಾರಿಗಳು ಒಬ್ಬೊಬ್ಬರಾಗಿ ಎದ್ದು, ಅನುದಾನ ಎಷ್ಟು ಬಂತು, ಎಷ್ಟು ಖರ್ಚಾಯಿತು, ಗುರಿ ಎಷ್ಟಿತ್ತು, ಸಾಧನೆ ಎಷ್ಟಾಯಿತು ಎಂದು ಓದಿ ಹೇಳುತ್ತಾರೆ. ಖರ್ಚಾದ ಹಣದಿಂದ ಜನರ ಬದುಕಿನಲ್ಲಿ ಏನು ಬದಲಾಯಿತು, ಬದಲಾಗದಿದ್ದರೆ ತಪ್ಪಿದ್ದು ಎಲ್ಲಿ ಎಂಬ ಪ್ರಶ್ನೆ ಆ ಸಭೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಆ ಪ್ರಶ್ನೆಗೆ ಕ್ರಮಬದ್ಧವಾಗಿ ಉತ್ತರ ಹುಡುಕುವ ಕೆಲಸವೇ ಮೌಲ್ಯಮಾಪನ. ಕರ್ನಾಟಕವು ಇದಕ್ಕೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವನ್ನು ಸ್ಥಾಪಿಸಿತು. ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸಚಿವ ಸಂಪುಟವು ತನ್ನ ರಾಷ್ಟ್ರೀಯ ಮೌಲ್ಯಮಾಪನ ನೀತಿಯ ಚೌಕಟ್ಟಿಗೆ ಒಪ್ಪಿಗೆ ನೀಡಿತು. ಎರಡೂ ಕಡೆ ಎದುರಾದ ಕಷ್ಟಗಳು ಒಂದನ್ನೊಂದು ಹೋಲುತ್ತವೆ; ಆದರೆ ದಕ್ಷಿಣ ಆಫ್ರಿಕಾದ ಅಧಿಕಾರಿಗಳಿಗೆ ಸುತ್ತಮುತ್ತ ಅದೇ ಹಾದಿಯಲ್ಲಿ ನಡೆಯುತ್ತಿದ್ದ ಸ್ವತಂತ್ರ ದೇಶಗಳಿದ್ದವು, ಅವರೊಂದಿಗೆ ಕೂತು ಕಲಿಯುವ ಹಲವು ವೇದಿಕೆಗಳೂ ಕಾಲಕ್ರಮದಲ್ಲಿ ಹುಟ್ಟಿಕೊಂಡವು.

ಆ ವೇದಿಕೆಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂದು ತೂಗಿ ನೋಡುವುದು ಈ ಬರಹದ ಉದ್ದೇಶ. ಆಫ್ರಿಕಾದ ಸರ್ಕಾರಗಳೊಂದಿಗೆ ಸಲಹೆಗಾರರಾಗಿಯೋ ಅಂತರರಾಷ್ಟ್ರೀಯ ಸಂಸ್ಥೆಗಳ ಸಿಬ್ಬಂದಿಯಾಗಿಯೋ ಕೆಲಸ ಮಾಡುವ ಕನ್ನಡಿಗರನ್ನೂ, ಸಾರ್ವಜನಿಕ ಆಡಳಿತವನ್ನು ಓದುವ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಆಯ್ಕೆ ಮಾಡಬೇಕಾದವರು ಮಾತ್ರ ಒಂದು ದೇಶದ ಮೌಲ್ಯಮಾಪನ ಘಟಕದ ಮುಖ್ಯಸ್ಥರು ಎಂದಿಟ್ಟುಕೊಳ್ಳೋಣ: ಅವರ ಕೈಕೆಳಗೆ ನಾಲ್ಕಾರು ಜನ, ಸಣ್ಣ ಬಜೆಟ್ಟು, ಮೇಜಿನ ಮೇಲೆ ಬೇರೆ ಬೇರೆ ಕಡೆಯಿಂದ ಬಂದ ಆಹ್ವಾನ ಪತ್ರಗಳು. ಅವರು ಪ್ರತಿ ಆಹ್ವಾನಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನಗೆ ತೋರುತ್ತದೆ. ಇಲ್ಲಿ ಕಲಿತದ್ದನ್ನು, ಇಲ್ಲಿ ಕಂಡುಬಂದ ಕೊರತೆಯನ್ನು, ಮರುದಿನ ನಮ್ಮ ದೇಶದಲ್ಲಿ ಕೈಗೆತ್ತಿಕೊಳ್ಳಬೇಕಾದ ಹೊಣೆ ಯಾರ ಹೆಗಲಿಗೆ ಬೀಳುತ್ತದೆ? ಮುಂದೆ ಹೇಳುವ ದಾರಿಗಳನ್ನೆಲ್ಲ ನಾನು ಇದೇ ಒರೆಗಲ್ಲಿಗೆ ಹಚ್ಚಿದ್ದೇನೆ.

ಮೊದಲು ಮನೆಯ ಲೆಕ್ಕ

ಯಾರೊಂದಿಗೆ ಕೈಜೋಡಿಸಬೇಕು ಎನ್ನುವುದಕ್ಕಿಂತ ಮೊದಲು ತಮ್ಮ ಘಟಕ ಸರ್ಕಾರದೊಳಗೆ ಎಲ್ಲಿ ಕೂತಿದೆ ಎಂದು ನೋಡಿಕೊಳ್ಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಈ ಕೆಲಸಕ್ಕೆಂದು 2010ರಲ್ಲಿ ಹುಟ್ಟಿದ ಇಲಾಖೆ ಅಧ್ಯಕ್ಷರ ಕಚೇರಿಯ ಆವರಣಕ್ಕೆ ಸೇರಿದ್ದು. ಉಗಾಂಡಾದಲ್ಲಿ ಅದು ಪ್ರಧಾನ ಮಂತ್ರಿಗಳ ಕಚೇರಿಯ ಹೊಣೆ. ಸಾರ್ವಜನಿಕ ವಲಯದ ಉಸ್ತುವಾರಿ ಮತ್ತು ಮೌಲ್ಯಮಾಪನಕ್ಕೆ ಅಲ್ಲಿ 2013ರ ರಾಷ್ಟ್ರೀಯ ನೀತಿಯಿದೆ. ಬೆನಿನ್ ದೇಶ ಸಾರ್ವಜನಿಕ ನೀತಿಗಳ ಮೌಲ್ಯಮಾಪನಕ್ಕೆ ಪ್ರತ್ಯೇಕ ಕಚೇರಿಯನ್ನೇ ಮಾಡಿಕೊಂಡು, 2012ರಿಂದ 2021ರವರೆಗಿನ ಹತ್ತು ವರ್ಷದ ರಾಷ್ಟ್ರೀಯ ಮೌಲ್ಯಮಾಪನ ನೀತಿಯನ್ನು ರೂಪಿಸಿತು. ಕೆನ್ಯಾದಲ್ಲಿ ಯೋಜನಾ ಖಾತೆಯ ಅಡಿಯಲ್ಲಿರುವ ನಿರ್ದೇಶನಾಲಯ ರಾಷ್ಟ್ರಮಟ್ಟದ ವ್ಯವಸ್ಥೆಯನ್ನು ನೋಡಿಕೊಂಡರೆ, 2010ರ ಸಂವಿಧಾನದ ನಂತರ ಬಂದ 47 ಕೌಂಟಿಗಳು ತಂತಮ್ಮ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕಾಯಿತು.

ಘಾನಾದ ಕಥೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅಲ್ಲಿ ರಾಷ್ಟ್ರೀಯ ಅಭಿವೃದ್ಧಿ ಯೋಜನಾ ಆಯೋಗ ಮೊದಲಿನಿಂದಲೂ ಈ ಕೆಲಸ ಮಾಡುತ್ತಿತ್ತು. 2017ರಲ್ಲಿ ಸರ್ಕಾರವು ಉಸ್ತುವಾರಿ ಮತ್ತು ಮೌಲ್ಯಮಾಪನಕ್ಕೆಂದೇ ಒಂದು ಸಚಿವಾಲಯವನ್ನು ತೆರೆಯಿತು. 2021ರಲ್ಲಿ ಸಚಿವಾಲಯಗಳ ಸಂಖ್ಯೆಯನ್ನು ಇಳಿಸಿದಾಗ ಅದು ಮುಚ್ಚಿಹೋಯಿತು. ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದ ಸಚಿವಾಲಯವೇ ನಾಲ್ಕು ವರ್ಷಗಳಲ್ಲಿ ಇಲ್ಲವಾಗುವ ಸಾಧ್ಯತೆ ಇರುವಾಗ, ಒಪ್ಪಂದವನ್ನು ಯಾವ ಕಚೇರಿಯ ಹೆಸರಿನಲ್ಲಿ ಮಾಡಿಕೊಳ್ಳಬೇಕೆಂಬುದು ದೊಡ್ಡ ಪ್ರಶ್ನೆಯೇ ಸರಿ. ಸಂವಿಧಾನದಿಂದಲೋ ಕಾಯ್ದೆಯಿಂದಲೋ ಹುಟ್ಟಿದ ಸಂಸ್ಥೆಯೊಂದು ಜೊತೆಗೆ ಇರಬೇಕೆಂದು ನಾನು ಒತ್ತಾಯಿಸುತ್ತೇನೆ.

ಅಧ್ಯಯನ ಪ್ರವಾಸ

ಎಲ್ಲಕ್ಕಿಂತ ಸುಲಭವಾಗಿ ಸಿಗುವ ದಾರಿ ಇದು. ದಕ್ಷಿಣ ಆಫ್ರಿಕಾದ ವ್ಯವಸ್ಥೆ ಆರಂಭವಾದದ್ದೂ ಹೀಗೆಯೇ: 2011ರಲ್ಲಿ ಅಲ್ಲಿನ ತಂಡವೊಂದು ಮೆಕ್ಸಿಕೋ ಮತ್ತು ಕೊಲಂಬಿಯಾಗಳಿಗೆ ಹೋಗಿ ಅಲ್ಲಿನ ಸರ್ಕಾರಗಳು ಮೌಲ್ಯಮಾಪನವನ್ನು ಹೇಗೆ ನಡೆಸುತ್ತವೆಂದು ನೋಡಿ ಬಂದ ಮೇಲೆ ನೀತಿಯ ಕರಡು ರೂಪುಗೊಂಡಿತು. ಹೋದವರೇ ಮರಳಿ ಬಂದು ಬರೆಯಲು ಕೂತದ್ದರಿಂದ, ಸಂಪುಟದ ಮುಂದೆ ಹೋಗುವ ಕಾಲ ಹತ್ತಿರದಲ್ಲೇ ಇದ್ದುದರಿಂದ, ಆ ಪ್ರವಾಸ ಫಲ ಕೊಟ್ಟಿತು. ಇಂದು ಮೆಕ್ಸಿಕೋದ ಕೊನೆವಾಲ್ ಎಂಬ ಹೆಸರಾಂತ ಸ್ವಾಯತ್ತ ಮೌಲ್ಯಮಾಪನ ಸಂಸ್ಥೆಯೇ ಉಳಿದಿಲ್ಲ. 2025ರಲ್ಲಿ ಅದರ ಕೆಲಸವನ್ನು ಅಲ್ಲಿನ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ವರ್ಗಾಯಿಸಲಾಯಿತು. ಕಲಿಸಿದ ಸಂಸ್ಥೆ ಮುಚ್ಚಿದರೂ ಕಲಿತದ್ದು ಉಳಿಯಬೇಕಾದರೆ ಅದು ಅಷ್ಟರೊಳಗೆ ನಮ್ಮದೇ ನೀತಿಯಾಗಿ, ನಮ್ಮದೇ ಕಚೇರಿಯ ರೂಢಿಯಾಗಿ ಬೇರೂರಿರಬೇಕು.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ಇದೆ. ಗುರಿಗಳನ್ನು ವಾರಗಟ್ಟಲೆ ಒಂದೇ ಸೂರಿನಡಿ ಕೂತು ಸಿದ್ಧಪಡಿಸಿ, ಉನ್ನತ ಮಟ್ಟದಲ್ಲಿ ನಿತ್ಯ ಬೆನ್ನು ಹತ್ತುವ ಮಲೇಷ್ಯಾದ ವಿಧಾನವನ್ನು ಟಾಂಜಾನಿಯಾ 2013ರಲ್ಲಿ ‘ಬಿಗ್ ರಿಸಲ್ಟ್ಸ್ ನೌ’ ಎಂಬ ಹೆಸರಿನಲ್ಲಿಯೂ, ದಕ್ಷಿಣ ಆಫ್ರಿಕಾ 2014ರಲ್ಲಿ ‘ಆಪರೇಷನ್ ಫಾಕಿಸಾ’ ಎಂಬ ಹೆಸರಿನಲ್ಲಿಯೂ ತಂದುಕೊಂಡವು. ಇಬ್ಬರೂ ದೂರದ ಒಂದೇ ಗುರುವಿನ ಬಳಿ ಪ್ರತ್ಯೇಕವಾಗಿ ಹೋದರು. ಒಂದು ವರ್ಷ ಮೊದಲು ಆರಂಭಿಸಿದ ನೆರೆಯವರಿಗೆ ಎಲ್ಲಿ ಕಾಲು ಎಡವಿತು, ಯಾವ ಇಲಾಖೆ ಒಗ್ಗಲಿಲ್ಲ, ಯಾವ ಗುರಿಯನ್ನು ಇಳಿಸಬೇಕಾಯಿತು ಎಂಬ ತಿಳಿವಳಿಕೆ ಎರಡನೆಯವರಿಗೆ ಮಲೇಷ್ಯಾದವರ ಪಾಠದಷ್ಟೇ ಬೆಲೆಯುಳ್ಳದ್ದಾಗಿರುತ್ತದೆ. ಆದ್ದರಿಂದ ಕರಡು ಬರೆಯುವ ಹಂತದಲ್ಲಿರುವ ದೇಶಕ್ಕೆ, ಎರಡು ಮೂರು ನಿರ್ದಿಷ್ಟ ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗುವುದಾದರೆ ಮಾತ್ರ, ಪ್ರವಾಸ ಒಳ್ಳೆಯದು. ಸುಮ್ಮನೆ ನೋಡಿ ಬರಲು ಹೋಗುವ ಪ್ರವಾಸದ ಟಿಪ್ಪಣಿಗಳು ಕಡತ ಸೇರಿ ಅಲ್ಲೇ ಉಳಿಯುತ್ತವೆ.

ಸಮಾನರ ಸಣ್ಣ ಕೂಟ

ನನ್ನ ಒಲವು ಇರುವುದು ಈ ದಾರಿಯ ಕಡೆಗೆ. ಇದಕ್ಕೆ ಅತ್ಯುತ್ತಮ ಉದಾಹರಣೆ ‘ಟ್ವೆಂಡೆ ಎಂಬೆಲೆ’. ಸ್ವಾಹಿಲಿಯಲ್ಲಿ ಈ ಮಾತಿಗೆ ‘ಮುಂದೆ ಸಾಗೋಣ’ ಎಂದರ್ಥ. ಬೆನಿನ್, ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾ ಸೇರಿ, ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ಹಾಗೂ ಜೊಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದಲ್ಲಿರುವ ‘ಕ್ಲಿಯರ್’ ಎಂಬ ಮೌಲ್ಯಮಾಪನ ತರಬೇತಿ ಕೇಂದ್ರದ ಜೊತೆಗೂಡಿ ಇದನ್ನು ಕಟ್ಟಿದವು. ಮುಂದೆ ಘಾನಾ, ಕೆನ್ಯಾ ಮತ್ತು ನೈಜರ್ ಸೇರಿಕೊಂಡವು. ಹಣ ಮುಖ್ಯವಾಗಿ ಬ್ರಿಟನ್ನಿನ ಅಂತರರಾಷ್ಟ್ರೀಯ ಅಭಿವೃದ್ಧಿ ಇಲಾಖೆಯಿಂದಲೂ ಅಮೆರಿಕದ ಹ್ಯೂಲೆಟ್ ಪ್ರತಿಷ್ಠಾನದಿಂದಲೂ ಬಂತು. ಯಾವ ವಿಷಯ ಎತ್ತಿಕೊಳ್ಳಬೇಕು ಎನ್ನುವುದನ್ನು ಸದಸ್ಯ ದೇಶಗಳ ಅಧಿಕಾರಿಗಳೇ ಕೂತು ತೀರ್ಮಾನಿಸುವ ಏರ್ಪಾಟು ಇದರ ಜೀವಾಳ. ರಾಷ್ಟ್ರೀಯ ಮೌಲ್ಯಮಾಪನ ವ್ಯವಸ್ಥೆಯಲ್ಲಿ ಲಿಂಗ ಸಮಾನತೆಗೆ ಎಷ್ಟು ಜಾಗವಿದೆ ಎಂಬುದನ್ನು ಮೂರೂ ಸ್ಥಾಪಕ ದೇಶಗಳು ಒಂದೇ ಅಳತೆಗೋಲಿನಿಂದ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡದ್ದು ಇಂಥ ಕೆಲಸಕ್ಕೆ ಒಂದು ಮಾದರಿ. ಹೊರಗಿನವರು ಬಂದು ಅಂಕ ಕೊಡುವಾಗ ಮೂಡುವ ಸಂಕೋಚ ಇಲ್ಲಿ ಕಡಿಮೆ, ಏಕೆಂದರೆ ಎದುರಿಗೆ ಕೂತವರ ಅಂಕಪಟ್ಟಿಯೂ ಅದೇ ಮೇಜಿನ ಮೇಲಿರುತ್ತದೆ.

ಇಂಥ ಕೂಟದಲ್ಲಿ ಕೈಬದಲಾಗಬಹುದಾದ ಎರಡು ವಸ್ತುಗಳನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ದಕ್ಷಿಣ ಆಫ್ರಿಕಾದ ‘ಎಂಪ್ಯಾಟ್’, ಅಂದರೆ ಇಲಾಖೆಗಳ ಆಡಳಿತ ನಿರ್ವಹಣೆಯನ್ನು ಅಳೆಯುವ ಸಾಧನ. ಕೆನಡಾದ ಚೌಕಟ್ಟೊಂದನ್ನು ನೋಡಿ, ತಮಗೆ ಬೇಕಾದಂತೆ ತಿದ್ದಿಕೊಂಡು ಮಾಡಿದ್ದು. ಕಾರ್ಯತಂತ್ರ, ಆಡಳಿತ ಮತ್ತು ಉತ್ತರದಾಯಿತ್ವ, ಸಿಬ್ಬಂದಿ, ಹಣಕಾಸು ಎಂಬ ನಾಲ್ಕು ಕ್ಷೇತ್ರಗಳಲ್ಲಿ ಒಂದೊಂದು ಮಾನದಂಡಕ್ಕೂ ಇಲಾಖೆಗೆ ಒಂದರಿಂದ ನಾಲ್ಕರವರೆಗೆ ಮಟ್ಟ ಸಿಗುತ್ತಿತ್ತು. ನಿಯಮವನ್ನು ಪಾಲಿಸದಿದ್ದರೆ ಒಂದು, ಅರ್ಧಂಬರ್ಧ ಪಾಲಿಸಿದ್ದರೆ ಎರಡು, ಪೂರ್ತಿ ಪಾಲಿಸಿದ್ದರೆ ಮೂರು, ಪಾಲಿಸುವುದರ ಜೊತೆಗೆ ಜಾಣತನದಿಂದ ಕೆಲಸವನ್ನು ಸುಧಾರಿಸಿದ್ದರೆ ನಾಲ್ಕು. ಇಷ್ಟನ್ನು ಯಾವ ದೇಶವಾದರೂ ಒಂದು ಮಧ್ಯಾಹ್ನದಲ್ಲಿ ನಕಲು ಮಾಡಿಕೊಳ್ಳಬಹುದು. ನಕಲಿಗೆ ಸಿಗದಿರುವುದು ಅದರ ಸುತ್ತಲಿನ ನಡಾವಳಿ: ಇಲಾಖೆ ಮೊದಲು ತನ್ನನ್ನು ತಾನೇ ಅಳೆದುಕೊಂಡು ಪುರಾವೆ ಸಲ್ಲಿಸಬೇಕಿತ್ತು, ಆಂತರಿಕ ಲೆಕ್ಕಪರಿಶೋಧಕರು ಅದನ್ನು ಪರಿಶೀಲಿಸಬೇಕಿತ್ತು, ಇಲಾಖೆಯ ಮುಖ್ಯಸ್ಥರು ಸಹಿ ಹಾಕಬೇಕಿತ್ತು, ಆಮೇಲೆ ಬೇರೆ ಇಲಾಖೆಗಳಿಂದ ಬಂದ ವಿಷಯ ಬಲ್ಲವರು ಆ ಪುರಾವೆಯನ್ನು ಮತ್ತೆ ತೂಗಿ ಮಟ್ಟವನ್ನು ಇಳಿಸಲೂಬಹುದಿತ್ತು, ಏರಿಸಲೂಬಹುದಿತ್ತು, ಒಪ್ಪದ ಇಲಾಖೆಗೆ ಆಕ್ಷೇಪಿಸುವ ಅವಕಾಶವಿತ್ತು, ಕೊನೆಗೆ ಫಲಿತಾಂಶ ಸಂಪುಟದ ಮುಂದೆ ಹೋಗುತ್ತಿತ್ತು. ರಾಷ್ಟ್ರ ಮತ್ತು ಪ್ರಾಂತ್ಯಗಳ 150ಕ್ಕೂ ಹೆಚ್ಚು ಇಲಾಖೆಗಳು ಈ ಸುತ್ತನ್ನು ಹಾದು ಬಂದವು. ನೆರೆಯ ದೇಶದ ಅಧಿಕಾರಿ ಕಲಿಯಬೇಕಾದದ್ದು ಆ ಮರುತೂಕದ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು. ಅಲ್ಲಿ ಕೂತು, ಎರಡು ಕೊಡಬೇಕೋ ಮೂರು ಕೊಡಬೇಕೋ ಎಂಬ ವಾದವನ್ನು ಕಿವಿಯಾರೆ ಕೇಳಿದವರಿಂದಲೇ ಅದನ್ನು ತಿಳಿಯಬೇಕು.

ಎರಡನೆಯದು ಉಗಾಂಡಾದ ‘ಬರಾಜಾ’. ಸ್ವಾಹಿಲಿ ಕರಾವಳಿಯ ಹಳೆಯ ಮನೆಗಳ ಮುಂದೆ ನಮ್ಮ ಜಗಲಿಯಂತೆಯೇ ಇರುವ ಕಲ್ಲಿನ ಕಟ್ಟೆಗೂ ಈ ಹೆಸರಿದೆ, ಜನ ಸೇರುವ ಸಭೆಗೂ ಇದೆ. 2009ರಲ್ಲಿ ಆರಂಭವಾದ ಈ ಸಭೆಗಳನ್ನು ಪ್ರಧಾನ ಮಂತ್ರಿಗಳ ಕಚೇರಿ ನಡೆಸುತ್ತದೆ. ಸ್ಥಳೀಯ ಅಧಿಕಾರಿಗಳು ಊರಿನವರ ಮುಂದೆ ನಿಂತು ಕೃಷಿ, ಆರೋಗ್ಯ, ಶಿಕ್ಷಣ, ನೀರು, ರಸ್ತೆ ಮುಂತಾದವಕ್ಕೆ ಎಷ್ಟು ಹಣ ಬಂತು, ಅದರಿಂದ ಏನಾಯಿತು ಎಂದು ವಿವರಿಸುತ್ತಾರೆ. ಕೊಳವೆಬಾವಿ ಕೆಟ್ಟಿದ್ದರೆ, ಶಾಲೆಯ ಕಟ್ಟಡ ಅರ್ಧಕ್ಕೆ ನಿಂತಿದ್ದರೆ ಜನ ಎದ್ದು ಕೇಳುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಯ ಜಮಾಬಂದಿಯನ್ನು ಬಲ್ಲವರಿಗೆ ಇದು ತೀರಾ ಅಪರಿಚಿತವೆನಿಸದು. ಆಫ್ರಿಕಾದ ಇನ್ನೊಂದು ಸರ್ಕಾರ ಇದನ್ನು ಎರವಲು ಪಡೆಯುವಾಗ ಗಮನಿಸಬೇಕಾದ ಅಂಶವೆಂದರೆ, ಕೇಳಿದ ಪ್ರಶ್ನೆಗಳ ಪಟ್ಟಿ ಸಭೆ ಮುಗಿದ ಮೇಲೆ ಯಾರ ಕೈಗೆ ಹೋಗುತ್ತದೆ ಎಂಬುದು. ಉಗಾಂಡಾದಲ್ಲಿ ಜಿಲ್ಲೆಯಲ್ಲಿ ಅಧ್ಯಕ್ಷರನ್ನು ಪ್ರತಿನಿಧಿಸುವ ನಿವಾಸಿ ಕಮಿಷನರ್ ಎಂಬ ಹುದ್ದೆಯಿದೆ, ಬೆನ್ನು ಹತ್ತುವ ಕೆಲಸಕ್ಕೆ ಅವರ ಅಧಿಕಾರದ ಆಸರೆ ಸಿಗುತ್ತದೆ. ಅಂಥ ಹುದ್ದೆಯೇ ಇಲ್ಲದ ದೇಶ ಸಭೆಯನ್ನು ಮಾತ್ರ ತಂದರೆ ಜನರ ದೂರು ಅಲ್ಲಿಗೇ ನಿಲ್ಲುತ್ತದೆ. ಒಮ್ಮೆ ಹೀಗೆ ಮೋಸಹೋದ ಊರಿನವರನ್ನು ಎರಡನೆಯ ಸಭೆಗೆ ಕರೆತರುವುದು ಕಷ್ಟ.

ಈ ದಾರಿಗೆ ದೋಷಗಳಿಲ್ಲವೆಂದಲ್ಲ. ಭಾಷೆ ದೊಡ್ಡ ತೊಡಕು: ಬೆನಿನ್ ಮತ್ತು ನೈಜರ್ ಕಡತಗಳು ಫ್ರೆಂಚಿನಲ್ಲಿ, ಉಳಿದ ನಾಲ್ಕು ದೇಶಗಳವು ಇಂಗ್ಲಿಷಿನಲ್ಲಿ. ಸಭೆಯಲ್ಲಿ ದುಭಾಷಿಗಳನ್ನಿಡಬಹುದು, ಆದರೆ ನಿಜವಾದ ಕಲಿಕೆ ನಡೆಯುವುದು ಊಟದ ಹೊತ್ತಿನ ಮಾತಿನಲ್ಲಿ, ಒಬ್ಬರಿನ್ನೊಬ್ಬರ ಕರಡನ್ನು ಓದಿ ತಿದ್ದುವಲ್ಲಿ, ಅಲ್ಲಿಗೆ ದುಭಾಷಿ ಬರಲಾರರು. ಅನುವಾದಕ್ಕೆ ಹಣ ತೆಗೆದಿಡದ ಯೋಜನೆಯಲ್ಲಿ ಫ್ರೆಂಚ್ ಮಾತನಾಡುವ ದೇಶ ಹೆಸರಿಗಷ್ಟೇ ಸದಸ್ಯನಾಗಿ ಉಳಿಯುತ್ತದೆ. ಇನ್ನೊಂದು ದೋಷ ಹಣದ ಮೂಲದ್ದು. ಬ್ರಿಟನ್ 2020ರಲ್ಲಿ ತನ್ನ ಅಭಿವೃದ್ಧಿ ಇಲಾಖೆಯನ್ನು ವಿದೇಶಾಂಗ ಕಚೇರಿಯೊಳಗೆ ಸೇರಿಸಿತು, 2021ರಲ್ಲಿ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.7ರಿಂದ ಶೇ. 0.5ಕ್ಕೆ ಇಳಿಸಿತು. ಲಂಡನ್ನಿನ ಬಜೆಟ್ಟಿನಲ್ಲಿ ಆಗುವ ಬದಲಾವಣೆಯೊಂದು ಬೆನಿನ್ನಿನ ಕೋಟೊನೂ ಅಥವಾ ಉಗಾಂಡಾದ ಕಂಪಾಲಾದಲ್ಲಿರುವ ಅಧಿಕಾರಿಗಳ ಕಲಿಕೆಯನ್ನು ನಿಲ್ಲಿಸಬಲ್ಲದಾದರೆ ಆ ಸಹಕಾರ ಇನ್ನೂ ತನ್ನ ಕಾಲ ಮೇಲೆ ನಿಂತಿಲ್ಲ ಎಂದೇ ಅರ್ಥ. ಸದಸ್ಯ ದೇಶ ತನ್ನ ಖಜಾನೆಯಿಂದ ಕನಿಷ್ಠ ಒಬ್ಬ ಅಧಿಕಾರಿಯ ಸಂಬಳವನ್ನೂ ತನ್ನ ಪಾಲಿನ ಅನುವಾದದ ವೆಚ್ಚವನ್ನೂ ಭರಿಸಬೇಕು. ಈ ಮೊತ್ತ ದೊಡ್ಡದಲ್ಲ. ಆದರೆ ಅದು ಬಜೆಟ್ಟಿನ ಒಂದು ಸಾಲಾಗಿ ಮೂಡಿದ ಕ್ಷಣದಿಂದ ಹಣಕಾಸು ಸಚಿವಾಲಯ ಪ್ರತಿವರ್ಷ ಇದರಿಂದ ಏನಾಯಿತೆಂದು ಕೇಳತೊಡಗುತ್ತದೆ, ಆ ಪ್ರಶ್ನೆಯೇ ಘಟಕವನ್ನು ಚುರುಕಾಗಿಡುತ್ತದೆ.

ರಾಷ್ಟ್ರಾಧ್ಯಕ್ಷರ ಮಟ್ಟದ ಪರಿಶೀಲನೆ

2003ರಲ್ಲಿ ಹುಟ್ಟಿದ ‘ಆಫ್ರಿಕನ್ ಪೀರ್ ರಿವ್ಯೂ ಮೆಕ್ಯಾನಿಸಂ’ ಇದಕ್ಕಿಂತ ಬಹು ದೊಡ್ಡ ಹಂದರ. ಸ್ವಇಚ್ಛೆಯಿಂದ ಸೇರಿದ 40ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಪ್ರಜಾಪ್ರಭುತ್ವ ಮತ್ತು ರಾಜಕೀಯ ಆಡಳಿತ, ಆರ್ಥಿಕ ನಿರ್ವಹಣೆ, ಉದ್ಯಮಗಳ ಆಡಳಿತ, ಸಾಮಾಜಿಕ ಮತ್ತು ಆರ್ಥಿಕ ಅಭಿವೃದ್ಧಿ ಮುಂತಾದ ವಿಷಯಗಳಲ್ಲಿ ದೇಶ ಮೊದಲು ಸ್ವಪರಿಶೀಲನೆ ಮಾಡಿಕೊಳ್ಳುತ್ತದೆ, ಹೊರಗಿನ ಗಣ್ಯರ ತಂಡ ಬಂದು ನೋಡುತ್ತದೆ, ಕೊನೆಗೆ ರಾಷ್ಟ್ರಾಧ್ಯಕ್ಷರು ಪರಸ್ಪರರ ಎದುರು ಉತ್ತರಿಸುತ್ತಾರೆ. ಮೊದಲು ಈ ಪರೀಕ್ಷೆಗೆ ಒಡ್ಡಿಕೊಂಡ ದೇಶ ಘಾನಾ. 2017ರ ನಂತರ ಆಫ್ರಿಕಾ ಒಕ್ಕೂಟವು ತನ್ನ ‘ಅಜೆಂಡಾ 2063’ ಎಂಬ ದೀರ್ಘಾವಧಿ ಅಭಿವೃದ್ಧಿ ಯೋಜನೆಯ ಮತ್ತು ವಿಶ್ವಸಂಸ್ಥೆಯ 2030ರ ಸುಸ್ಥಿರ ಅಭಿವೃದ್ಧಿ ಗುರಿಗಳ ಉಸ್ತುವಾರಿಯಲ್ಲಿಯೂ ಇದಕ್ಕೆ ಪಾತ್ರ ನೀಡಿದೆ.

ರೋಗ ಗುರುತಿಸುವುದರಲ್ಲಿ ಈ ವ್ಯವಸ್ಥೆಯ ಕಣ್ಣು ಎಷ್ಟು ಚುರುಕು ಎನ್ನುವುದಕ್ಕೆ ನೋವಿನ ಎರಡು ಸಾಕ್ಷಿಗಳಿವೆ. 2006ರ ಕೆನ್ಯಾ ವರದಿ ಅಲ್ಲಿನ ಜನಾಂಗೀಯ ಬಿರುಕುಗಳ ಬಗ್ಗೆ ಎಚ್ಚರಿಸಿತ್ತು. 2007ರ ಡಿಸೆಂಬರಿನ ಚುನಾವಣೆಯ ಬೆನ್ನಿಗೇ ಹಿಂಸೆ ಭುಗಿಲೆದ್ದು ಸಾವಿರಕ್ಕೂ ಹೆಚ್ಚು ಜನ ಸತ್ತರು. 2007ರ ದಕ್ಷಿಣ ಆಫ್ರಿಕಾ ವರದಿ ಹೊರದೇಶದವರ ಮೇಲೆ ಬೆಳೆಯುತ್ತಿದ್ದ ದ್ವೇಷವನ್ನು ಎತ್ತಿ ತೋರಿಸಿತ್ತು, ಸರ್ಕಾರ ಅದನ್ನು ಒಪ್ಪಲಿಲ್ಲ; 2008ರ ಮೇ ತಿಂಗಳಿನ ದಾಳಿಗಳಲ್ಲಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬರೆದದ್ದು ಸುಳ್ಳಾಗಿರಲಿಲ್ಲ, ಬರೆಯುವುದು ತಡವೂ ಆಗಿರಲಿಲ್ಲ. ಆ ಪುಟಗಳನ್ನು ಓದಿ, ಇಂಥ ಇಲಾಖೆ ಇಂಥ ದಿನದೊಳಗೆ ಇದನ್ನು ಮಾಡಬೇಕು ಎಂದು ಬರೆದುಕೊಂಡು ಬೆನ್ನು ಹತ್ತುವ ಕಚೇರಿಯೊಂದು ಬಲವಾಗಿ ಇರಲಿಲ್ಲ.

ಈ ಕಾರಣಕ್ಕೆ ನಾನು ಈ ದಾರಿಯನ್ನು ಬೇಡವೆನ್ನುವುದಿಲ್ಲ, ಸಣ್ಣ ಕೂಟದ ಬದಲಿಗೆ ಇದನ್ನು ಇಡಬಾರದೆಂದು ಹೇಳುತ್ತೇನೆ. ರಾಷ್ಟ್ರಾಧ್ಯಕ್ಷರ ಮಟ್ಟದ ಪರಿಶೀಲನೆಯಿಂದ ಬರುವ ರಾಷ್ಟ್ರೀಯ ಕಾರ್ಯಯೋಜನೆಯನ್ನು, ದಕ್ಷಿಣ ಆಫ್ರಿಕಾ ತನ್ನ ಮೌಲ್ಯಮಾಪನಗಳಿಗೆ ಮಾಡುವಂತೆ, ಸುಧಾರಣಾ ಯೋಜನೆಯಾಗಿ ಬಿಡಿಸಿ, ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ತರಿಸಿಕೊಳ್ಳುವ ಶಕ್ತಿ ಘಟಕಕ್ಕೆ ಇದ್ದರೆ ಎರಡೂ ಒಂದಕ್ಕೊಂದು ಪೂರಕವಾಗುತ್ತವೆ. ಆ ಶಕ್ತಿ ಇಲ್ಲದಾಗ ಮೊದಲು ಅದನ್ನು ಗಳಿಸಿಕೊಳ್ಳಬೇಕು.

ಉಳಿದ ಮೂರು

ಆಫ್ರಿಕನ್ ಮೌಲ್ಯಮಾಪನ ಸಂಘ 1999ರಲ್ಲಿ ನೈರೋಬಿಯಲ್ಲಿ ಹುಟ್ಟಿತು. ಇದು ವೃತ್ತಿಪರರ ಸಂಘ, ಸರ್ಕಾರಗಳದ್ದಲ್ಲ. ಹೊರಗಿನ ಅಳತೆಗೋಲುಗಳನ್ನೇ ಅವಲಂಬಿಸದೆ ಆಫ್ರಿಕಾದ ಸಮಾಜಗಳಿಗೆ ಹೊಂದುವ ಮೌಲ್ಯಮಾಪನ ಹೇಗಿರಬೇಕು ಎಂಬ ಚರ್ಚೆಗೆ ಇದು ಆಶ್ರಯ ಕೊಟ್ಟಿದೆ. ಒಳ್ಳೆಯ ಮೌಲ್ಯಮಾಪಕರನ್ನು ಹುಡುಕಲು, ಕಿರಿಯ ಅಧಿಕಾರಿಗಳ ಕಣ್ಣು ತೆರೆಸಲು ಇದರ ಸಮ್ಮೇಳನಗಳು ಉತ್ತಮ. ಸರ್ಕಾರದ ನಿರ್ಧಾರ ಬದಲಿಸುವ ಹೊಣೆಯನ್ನು ಇದರ ಮೇಲೆ ಹೊರಿಸಬಾರದು.

ಮೌಲ್ಯಮಾಪನಕ್ಕೆ ಒತ್ತು ಕೊಡುವ ಆಫ್ರಿಕಾದ ಸಂಸದರ ಜಾಲವೊಂದು 2014ರಲ್ಲಿ ಕ್ಯಾಮರೂನಿನ ಯವುಂಡೆಯಲ್ಲಿ ಆರಂಭವಾಯಿತು. ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ಮೌಲ್ಯಮಾಪನ ವಿಭಾಗ ಅದರ ಕಚೇರಿಯನ್ನು ನೋಡಿಕೊಳ್ಳುತ್ತದೆ. ಘಟಕದ ವರದಿಗಳನ್ನು ಕಾರ್ಯಾಂಗ ಮುಚ್ಚಿಡುವ ದೇಶಗಳಲ್ಲಿ ಇದು ನಿಜಕ್ಕೂ ಉಪಯುಕ್ತ, ಏಕೆಂದರೆ ಸಂಸತ್ತಿನ ಸಮಿತಿಯೊಂದು ವರದಿ ಕೇಳಿದರೆ ಇಲ್ಲವೆನ್ನುವುದು ಸುಲಭವಲ್ಲ. ಚುನಾವಣೆಯಾದ ಮೇಲೆ ಸದಸ್ಯರು ಬದಲಾಗುತ್ತಾರೆ, ಕಲಿತವರು ಸದನದ ಹೊರಗುಳಿಯುತ್ತಾರೆ. ಆದ್ದರಿಂದ ಸಮಿತಿಯ ಕಾಯಂ ಸಿಬ್ಬಂದಿಗೂ ಅದೇ ತರಬೇತಿ ಕೊಡಿಸಬೇಕು.

ತರಬೇತಿ ಕೇಂದ್ರಗಳ ವಿಷಯಕ್ಕೆ ಬಂದರೆ, ಇಂಗ್ಲಿಷ್ ಬಳಸುವ ದೇಶಗಳಿಗೆ ಜೊಹಾನ್ಸ್‌ಬರ್ಗಿನ ‘ಕ್ಲಿಯರ್’ ಕೇಂದ್ರವೂ, ಫ್ರೆಂಚ್ ಬಳಸುವವರಿಗೆ ಸೆನೆಗಲ್ ದೇಶದ ಡಾಕಾರಿನ ಕೇಂದ್ರವೂ ಇವೆ. ಇದೇ ‘ಕ್ಲಿಯರ್’ ಜಾಲದ ದಕ್ಷಿಣ ಏಷ್ಯಾ ಕೇಂದ್ರ ಭಾರತದಲ್ಲಿರುವುದರಿಂದ, ಇಲ್ಲಿಂದ ಆಫ್ರಿಕಾಕ್ಕೆ ಹೋಗುವ ಕನ್ನಡಿಗರಿಗೆ ಪಠ್ಯವೂ ಪರಿಭಾಷೆಯೂ ಪರಿಚಿತವಾಗಿಯೇ ಇರುತ್ತವೆ. ದೇಶದ ಇಡೀ ವ್ಯವಸ್ಥೆಯ ಸ್ಥಿತಿಗತಿಯನ್ನು ಮೊದಲು ಪರೀಕ್ಷಿಸಿಕೊಳ್ಳಬೇಕೆಂದರೆ ಈ ಕೇಂದ್ರಗಳ ನೆರವು ಪಡೆಯುವುದು ಸರಿಯಾದ ಆರಂಭ.

ಯಾರಿಗೆ ಯಾವುದು

ನೀತಿಯೇ ಇಲ್ಲದ, ಈಗಷ್ಟೇ ಕರಡು ಬರೆಯುತ್ತಿರುವ ದೇಶಕ್ಕೆ ನಾನು ಹೇಳುವುದಿಷ್ಟು: ಮೊದಲು ತರಬೇತಿ ಕೇಂದ್ರದ ನೆರವಿನಿಂದ ಸ್ಥಿತಿಗತಿಯ ಪರಿಶೀಲನೆ ಮಾಡಿಸಿ, ಅನಂತರ ತನ್ನಂಥದೇ ಆಡಳಿತ ರಚನೆಯಿರುವ ಒಂದೇ ದೇಶಕ್ಕೆ ಪ್ರವಾಸ ಹೋಗಿ. ಅಧಿಕಾರವನ್ನು ಕೌಂಟಿಗಳಿಗೋ ಪ್ರಾಂತ್ಯಗಳಿಗೋ ಹಂಚಿಕೊಟ್ಟ ದೇಶಕ್ಕೆ ಕೆನ್ಯಾ ಹತ್ತಿರದ ಗುರು. ರಾಜಧಾನಿಯಿಂದಲೇ ಎಲ್ಲವೂ ನಡೆಯುವ ದೇಶ ಅದರ ಕೌಂಟಿ ವ್ಯವಸ್ಥೆಯನ್ನು ತಂದುಕೊಂಡರೆ ಹೊರೆಯಷ್ಟೇ ಹೆಚ್ಚುತ್ತದೆ. ನೀತಿ ಇದ್ದು, ವರದಿಗಳು ಬಂದು, ಯಾರೂ ಅವುಗಳನ್ನು ಬಳಸದಿರುವ ಸ್ಥಿತಿಯಲ್ಲಿರುವ ದೇಶಗಳೇ ಹೆಚ್ಚು. ಅವುಗಳಿಗೆ ಸಮಾನರ ಸಣ್ಣ ಕೂಟವೂ ಸಂಸದರ ಜಾಲವೂ ಜೊತೆಜೊತೆಯಾಗಿ ಬೇಕು. ಫ್ರೆಂಚ್ ಬಳಸುವ ದೇಶ ಬೆನಿನ್ನಿನ ಕದ ಮೊದಲು ತಟ್ಟುವುದು ಒಳ್ಳೆಯದು. ಅಲ್ಲಿ ಹತ್ತು ವರ್ಷದ ನೀತಿಯ ಅನುಭವವಿದೆ, ಅನುವಾದದ ಖರ್ಚೂ ಇಲ್ಲ.

ಯಾವ ದಾರಿ ಹಿಡಿದರೂ ಹೊರಡುವ ಮೊದಲೇ ಮೂರು ಕೆಲಸಗಳನ್ನು ಕಾಗದದ ಮೇಲೆ ಮುಗಿಸಿಕೊಳ್ಳಬೇಕು. ಅಧಿಕಾರಿಗಳ ವರ್ಗಾವಣೆ ನಮ್ಮಲ್ಲಿರುವಂತೆ ಅಲ್ಲಿಯೂ ಇದ್ದದ್ದೇ, ಆದ್ದರಿಂದ ಒಬ್ಬರನ್ನೇ ಕಳುಹಿಸದೆ ಇಬ್ಬರನ್ನು ಕಳುಹಿಸಬೇಕು, ಅವರಲ್ಲಿ ಒಬ್ಬರು ಹಣಕಾಸು ಸಚಿವಾಲಯದವರಾಗಿರಬೇಕು. ನೆರೆಯವರಿಗೆ ನಾವು ಏನನ್ನು ಕಲಿಸಬಲ್ಲೆವು ಎಂಬುದನ್ನೂ ಒಂದು ಪುಟದಲ್ಲಿ ಬರೆದುಕೊಂಡು ಹೋಗಬೇಕು, ಏಕೆಂದರೆ ಬರಿಗೈಯಲ್ಲಿ ಬಂದವರನ್ನು ಯಾರೂ ಸಮಾನರೆಂದು ಬಹುಕಾಲ ಕಾಣುವುದಿಲ್ಲ. ಮರಳಿ ಬಂದ ಮೇಲೆ ಸಂಪುಟಕ್ಕೆ ಸಲ್ಲಿಸಬೇಕಾದ ಟಿಪ್ಪಣಿಯ ದಿನಾಂಕವನ್ನು, ಅದಕ್ಕೆ ಸಹಿ ಹಾಕಬೇಕಾದ ಕಾರ್ಯದರ್ಶಿಯ ಹುದ್ದೆಯ ಹೆಸರನ್ನು, ಪ್ರಯಾಣದ ಮಂಜೂರಾತಿ ಆದೇಶದಲ್ಲಿಯೇ ನಮೂದಿಸಬೇಕು.